‘ಕೀಪ್’ ಎಂದರೆ ಕಾಯುವುದು
(ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ಪ್ರಬೋಧನೆ, ಅಕ್ಟೋಬರ್ 4)



ಇಂಗ್ಲಿಷಿನಲ್ಲಿ ‘ಕೀಪ್’ ಎಂಬ ಪುಟ್ಟ ಕ್ರಿಯಾಪದವಿದೆ. ‘ಕೀಪ್ ಕ್ವಯಟ್’ ಎಂದರೆ ಸುಮ್ಮನಿರು. ‘ಕೀಪ್ ದ ಚೇಂಜ್’ ಎಂದರೆ ಚಿಲ್ಲರೆ ನೀವೇ ಇಟ್ಟುಕೊಳ್ಳಿ. ಕೊಟ್ಟ ಮಾತು ಉಳಿಸಿಕೊಳ್ಳುವುದು, ಗುಟ್ಟು ಕಾಪಾಡುವುದು, ಲೆಕ್ಕ ಬರೆದಿಡುವುದು, ಹಬ್ಬ ಆಚರಿಸುವುದು, ಎಲ್ಲಕ್ಕೂ ಅದೊಂದೇ ಪದ. ಆದರೂ ನಮಗೆ ಮೊದಲು ನೆನಪಾಗುವುದು ‘ಇಟ್ಟುಕೊಳ್ಳುವುದು’ ಎಂಬ ಅರ್ಥವೇ.

ಸುಮಾರು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಇದು ‘ಕೇಪನ್’ ಎಂದಿತ್ತು. ಹಿಡಿ, ಅರಸು ಎಂಬ ಅರ್ಥಗಳ ಜೊತೆಯಲ್ಲೇ ನೋಡುತ್ತಿರು, ಲಕ್ಷ್ಯವಿಡು, ಕಾದಿರು ಎಂಬ ಅರ್ಥಗಳೂ ಅದಕ್ಕಿದ್ದವು. ನಮ್ಮ ‘ಕಾಯು’ ಕೂಡ ಹೀಗೆಯೇ ಅಲ್ಲವೇ? ದನ ಕಾಯುತ್ತೇವೆ, ಮಳೆಗಾಗಿಯೂ ಕಾಯುತ್ತೇವೆ. ಕಾಪಾಡಲು ತಾಳ್ಮೆ ಬೇಕೆಂದು ನಮ್ಮ ಭಾಷೆಯೇ ಹೇಳುತ್ತದೆ.

ಪವಿತ್ರ ಗ್ರಂಥದ ಹಿಬ್ರೂ ಭಾಷೆಯಲ್ಲಿ ಈ ಮಾತಿಗೆ ‘ಶಾಮರ್’ ಎನ್ನುತ್ತಾರೆ. ಆದಿಕಾಂಡದ 2ನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿರಿಸಿದ್ದು ಅದನ್ನು ಉಳುವುದಕ್ಕೆ ಮತ್ತು ಕಾಯುವುದಕ್ಕೆ. 4ನೆಯ ಅಧ್ಯಾಯದಲ್ಲಿ ಕಾಯಿನನು, ತಮ್ಮನನ್ನು ಕಾಯುವ ಹೊಣೆ ತನ್ನದೇ ಎಂದು ಕೇಳಿ ಜಾರಿಕೊಳ್ಳುವುದೂ ಇದೇ ಪದದಿಂದ. ಸಂಖ್ಯಾಕಾಂಡದ 6ನೆಯ ಅಧ್ಯಾಯದ ಆಶೀರ್ವಾದದಲ್ಲಿ ಸರ್ವೇಶ್ವರ ನಮ್ಮನ್ನು ಕಾಯುವುದೂ ಇದೇ ಪದದಿಂದಲೇ. ದೇವರು ನಮ್ಮನ್ನು ಕಾಯಲಿ ಎಂದು ಬೇಡುವವರು ತೋಟವನ್ನೂ ತಮ್ಮನನ್ನೂ ಕಾಯದೆ ಇರಲಾದೀತೇ? 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸರು ಉಳುವುದನ್ನೂ ಕಾಯುವುದನ್ನೂ ಜೊತೆಯಾಗಿಟ್ಟೇ ವಿವರಿಸಿದ್ದಾರೆ.

ಸುರಪುರ ತಾಲೂಕಿನ ಬೋನಾಳದ ಕೆರೆಯನ್ನೇ ನೋಡೋಣ. ಸುರಪುರದ ನಾಯಕ ಅರಸರ ಕಾಲದ ಕೆರೆಯದು. 1841ರಲ್ಲಿ ಸುರಪುರಕ್ಕೆ ಬಂದ ಮೆಡೋಸ್ ಟೇಲರ್ ಅದನ್ನು ಅಭಿವೃದ್ಧಿಪಡಿಸಿದರು. ಕಟ್ಟಿದವರೊಬ್ಬರು, ಕಾಯ್ದವರು ಮತ್ತೊಬ್ಬರು. ಚಳಿಗಾಲದಲ್ಲಿ ಪಟ್ಟೆತಲೆಯ ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರುವುದು ನೀರು ಇದ್ದೀತೆಂಬ ನಂಬಿಕೆಯಿಂದ. ಕೆರೆಗೆ ಕಸ ಸುರಿದರೆ, ಅಂಚನ್ನು ಒತ್ತಿದರೆ, ಹಕ್ಕಿಗೆ ಬಲೆ ಹಾಕಿದರೆ ಆ ನಂಬಿಕೆ ಮುರಿಯುತ್ತದೆ. ಆಗ ನಾವು ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗುತ್ತೇವೆ.

ಹಕ್ಕಿಗಳನ್ನು ಸಹೋದರಿಯರೆಂದು ಕರೆದ ಸಂತ ಫ್ರಾನ್ಸಿಸರನ್ನು ಎರಡನೆಯ ಜಾನ್ ಪಾಲರು 1979ರಲ್ಲಿ ಪರಿಸರದ ಪಾಲಕ ಸಂತರೆಂದು ಘೋಷಿಸಿದರು. ಅವರ ಹಬ್ಬವನ್ನು ‘ಕೀಪ್’ ಮಾಡಲು ಊಟ, ಹೊಸ ಬಟ್ಟೆ ಸಾಲದು. ಈ ವಾರ ಪ್ರತಿ ಮನೆಯೂ ಒಂದನ್ನು ಕಾಯಲಿ: ಒಂದು ಬಾವಿ, ಒಂದು ಮರ, ಮುನಿಸಿಕೊಂಡ ಒಬ್ಬ ತಮ್ಮ. ನಮ್ಮನ್ನು ಕಾಯುವ ದೇವರು ನಮ್ಮಿಂದ ಕೇಳುವುದು ಇಷ್ಟೇ. ಆಮೆನ್.