ಎದೆಗೂಡಿನ ಸಾಕ್ಷ್ಯ



1979ರ ಏಪ್ರಿಲ್‌ನಲ್ಲಿ ಸೋವಿಯತ್ ಒಕ್ಕೂಟದ ಸ್ವೆರ್ಡ್‌ಲೊವ್‌ಸ್ಕ್ ನಗರದಲ್ಲಿ ಜನರಿಗೆ ಜ್ವರ, ಕೆಮ್ಮು ಕಾಣಿಸಿಕೊಂಡು, ಕೆಲವೇ ದಿನಗಳಲ್ಲಿ ಸಾವುಗಳು ಆರಂಭವಾದವು. ಸತ್ತವರು 60ಕ್ಕೂ ಹೆಚ್ಚು. ರೋಗ ಆಂಥ್ರಾಕ್ಸ್, ನಮ್ಮ ರೈತರು ದನಕುರಿಗಳಲ್ಲಿ ಕಂಡು ನೆರಡಿ ಎನ್ನುವ ಅದೇ ರೋಗ. ಸೋಂಕು ತಗುಲಿದ ಮಾಂಸವೇ ಕಾರಣವೆಂದು ಸರ್ಕಾರ ಸಾರಿತು. ನಂಬುವಂಥ ಮಾತೇ.

ಆದರೆ ಶವಗಳು ಬೇರೆಯೇ ಕತೆ ಹೇಳುತ್ತಿದ್ದವು. ಶವಪರೀಕ್ಷೆಯಲ್ಲಿ ತೊಡಗಿದ್ದವರು ರೋಗಶಾಸ್ತ್ರಜ್ಞೆ ಫೈನಾ ಅಬ್ರಮೋವಾ ಮತ್ತು ಅವರ ಕಿರಿಯ ಸಹೋದ್ಯೋಗಿ ಲೆವ್ ಗ್ರಿನ್‌ಬರ್ಗ್. ಕೆಲವರ ಮಿದುಳಿನ ಪೊರೆ ರಕ್ತದಿಂದ ಕಡುಗೆಂಪಾಗಿತ್ತು. ವೈದ್ಯರು ಇದನ್ನು ಕಾರ್ಡಿನಲ್ ಪಾದ್ರಿಯ ಟೋಪಿಗೆ ಹೋಲಿಸುತ್ತಾರೆ. ಶ್ವಾಸಕೋಶಗಳ ನಡುವಿನ ದುಗ್ಧಗ್ರಂಥಿಗಳು ಊದಿ, ರಕ್ತ ತುಂಬಿ, ಸತ್ತುಹೋಗಿದ್ದವು.

ಉಸಿರಿನಿಂದ ಬಂದ ರೋಗವಾದರೆ ಶ್ವಾಸಕೋಶವೇ ಮೊದಲು ಕೆಡಬೇಕಲ್ಲವೆ? ಆಂಥ್ರಾಕ್ಸ್‌ನ ರೀತಿಯೇ ಬೇರೆ. ಶ್ವಾಸಕೋಶದ ಆಳಕ್ಕಿಳಿದ ಬೀಜಾಣುವನ್ನು ಅಲ್ಲಿನ ಕಾವಲು ಜೀವಕೋಶಗಳು ನುಂಗಿ ಎದೆಯ ದುಗ್ಧಗ್ರಂಥಿಗೆ ಒಯ್ಯುತ್ತವೆ. ಕಾವಲುಗಾರನೇ ಕಳ್ಳನನ್ನು ಹೆಗಲ ಮೇಲೆ ಹೊತ್ತು ಮನೆಯೊಳಗೆ ಬಿಟ್ಟಂತೆ! ಬೀಜಾಣು ಅಲ್ಲಿ ಮೊಳೆತು, ಬೆಳೆದು, ವಿಷ ಸುರಿಸುತ್ತದೆ. ಅಧ್ಯಯನಕ್ಕೆ ಸಿಕ್ಕ 42 ಪ್ರಕರಣಗಳಲ್ಲೂ ಈ ಗ್ರಂಥಿಗಳು ಹಾಳಾಗಿದ್ದವು. ಶ್ವಾಸಕೋಶದಲ್ಲೇ ನ್ಯುಮೋನಿಯಾದ ಗಾಯ ಕಂಡದ್ದು 11ರಲ್ಲಿ ಮಾತ್ರ. ಕರುಳಿನಲ್ಲೂ ಗಾಯಗಳಿದ್ದವು, ನಿಜ. ಅವು ರಕ್ತದ ಮೂಲಕ ಹರಡಿದವು. ಮಾಂಸದಿಂದಲೇ ಬಂದಿದ್ದರೆ ಮೊದಲ ಏಟು ಹೊಟ್ಟೆಯ ಗ್ರಂಥಿಗಳಿಗೆ ಬೀಳಬೇಕಿತ್ತು.

ಆಸ್ಪತ್ರೆಯ ಕಡತಗಳನ್ನು ಕೆ.ಜಿ.ಬಿ. ಹೊತ್ತೊಯ್ದಿತು. ಅಂಗಾಂಶದ ತುಣುಕು, ಸ್ಲೈಡು, ಟಿಪ್ಪಣಿಗಳನ್ನು ಮಾತ್ರ ಈ ಇಬ್ಬರು ಉಳಿಸಿಕೊಂಡರು. ಆ ಕಾಲದಲ್ಲಿ ಅದು ಸಣ್ಣ ಧೈರ್ಯವಲ್ಲ. ಒಕ್ಕೂಟ ಒಡೆದ ಮೇಲೆ, 1992ರಲ್ಲಿ, ಹಾರ್ವರ್ಡ್‌ನ ಮ್ಯಾಥ್ಯೂ ಮೆಸೆಲ್ಸನ್ ನೇತೃತ್ವದ ತಂಡ ಅವನ್ನು ನೋಡಿತು. 1993ರಲ್ಲಿ ವರದಿ ಹೊರಬಂತು. ರೋಗಿಗಳಲ್ಲಿ ಹೆಚ್ಚಿನವರು ಸೇನೆಯ ಜೀವಾಣು ಕೇಂದ್ರದಿಂದ ಗಾಳಿ ಬೀಸಿದ ದಿಕ್ಕಿನ ಕಿರಿದಾದ ಪಟ್ಟಿಯೊಳಗೇ ಇದ್ದವರೆಂದು ಮರುವರ್ಷದ ಅಧ್ಯಯನ ತೋರಿಸಿತು. ಬೀಜಾಣು ಅಲ್ಲಿಂದಲೇ ಸೋರಿತ್ತು.

ಅದು ಅಪಘಾತ. 2001ರಲ್ಲಿ ಅಮೆರಿಕದಲ್ಲಿ ನಡೆದದ್ದು ಉದ್ದೇಶಪೂರ್ವಕ ಕೃತ್ಯ: ಬೀಜಾಣುವಿನ ಪುಡಿ ಅಂಚೆ ಲಕೋಟೆಗಳಲ್ಲಿ ಬಂತು. 11 ಮಂದಿಗೆ ಉಸಿರಿನ ಮೂಲಕ ಆಂಥ್ರಾಕ್ಸ್ ತಗುಲಿತು, ಐವರು ಸತ್ತರು. ಶವಪರೀಕ್ಷೆಯಲ್ಲಿ ಮತ್ತೆ ಅದೇ ಚಿತ್ರ: ರಕ್ತ ತುಂಬಿದ ಎದೆಯ ಗ್ರಂಥಿಗಳು, ಶ್ವಾಸಕೋಶದ ಸುತ್ತ ರಕ್ತಮಿಶ್ರಿತ ನೀರು. ಬದುಕಿರುವ ರೋಗಿಯ ಎಕ್ಸ್‌ರೇಯಲ್ಲಿ ಎದೆಯ ನಡುಭಾಗ ಅಗಲವಾಗಿ ಕಾಣುವುದೂ ಇದರಿಂದಲೇ. ಬೇಗ ಆಂಟಿಬಯೋಟಿಕ್ ಸಿಕ್ಕ ಆರು ಮಂದಿ ಉಳಿದುಕೊಂಡರು.