ಕುಂಡದಲ್ಲಿ ಕಾಗದದ ಹೂ



ಬೆಂಗಳೂರಿನ ದಂಡುಪ್ರದೇಶವನ್ನು ದಾಟಿ ಈಶಾನ್ಯಕ್ಕೆ ನಡೆದರೆ ಸಿಕ್ಕುವ ಬಾಣಸವಾಡಿಯು ಒಂದು ಕಾಲಕ್ಕೆ ಹೊಲತೋಟಗಳ ನಡುವಣ ಹಳ್ಳಿಯಾಗಿತ್ತು. ಊರು ಬೆಳೆದಂತೆ ಹೆಣ್ಣೂರು ರಸ್ತೆಗೂ ಬಾಣಸವಾಡಿ ರಸ್ತೆಗೂ ನಡುವೆ ದೊಡ್ಡ ಬಡಾವಣೆ ಹುಟ್ಟಿತು. ಅಂಗಳವಿದ್ದ ಮನೆಗಳ ಜಾಗದಲ್ಲಿ ಮಹಡಿಯ ಮೇಲೆ ಮಹಡಿ ಏರಿತು. ಅಂಗಳ ಹೋದರೂ ಗಿಡ ಸಾಕುವ ಆಸೆ ಹೋಗಲಿಲ್ಲ. ಹಿಂದೆ ಕಾಂಪೌಂಡಿನ ಗೋಡೆಯನ್ನೇರಿ ಬೀದಿಗೆಲ್ಲ ಬಣ್ಣ ಚೆಲ್ಲುತ್ತಿದ್ದ ಬೋಗನ್‌ವಿಲ್ಲವು, ಕಾಗದದ ಹೂವೆಂದು ನಾವು ಕರೆಯುವ ಆ ಬಳ್ಳಿಯು, ಈಗ ಕುಂಡಕ್ಕಿಳಿದು ಬಾಲ್ಕನಿಯ ಕಂಬಿಗೆ ಒರಗಿ ನಿಂತಿದೆ. ಅದರೊಡನೆ ಒಂದು ದೂರೂ ಹುಟ್ಟಿದೆ: “ಎಲೆ ಬೇಕಾದಷ್ಟು ಬರುತ್ತದೆ, ಹೂ ಮಾತ್ರ ಇಲ್ಲ. ಇದು ಬಿಸಿಲು ನಾಡಿನ ಗಿಡ; ನಮ್ಮದು ತಂಪಿನ ಊರು; ಹೂ ಎಲ್ಲಿಂದ ಬಂದೀತು?” ಈ ದೂರು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಇಂದು ವಿಚಾರಿಸೋಣ.

ಮೊದಲು ಗಿಡದ ಪರಿಚಯ. ಇದರ ತವರು ದಕ್ಷಿಣ ಅಮೆರಿಕ. 1767ರಲ್ಲಿ ಬೂಗನ್‌ವಿಲ್ ಎಂಬ ಫ್ರೆಂಚ್ ನಾವಿಕನು ಭೂಪ್ರದಕ್ಷಿಣೆಯ ದಾರಿಯಲ್ಲಿ ಬ್ರೆಜಿಲಿನ ರಿಯೋ ಬಂದರಿನಲ್ಲಿ ತಂಗಿದ್ದಾಗ, ಅವನ ಸಂಗಡವಿದ್ದ ಸಸ್ಯಶಾಸ್ತ್ರಜ್ಞ ಕಾಮರ್ಸನನು ಈ ಬಳ್ಳಿಯನ್ನು ಸಂಗ್ರಹಿಸಿದನು. ನಾಯಕನ ಹೆಸರೇ ಗಿಡಕ್ಕೂ ಸಂದಿತು. ಅದೇ ಪಯಣದಲ್ಲಿ ಜ್ಯಾನ್ ಬಾರೆ ಎಂಬ ಹೆಂಗಸು ಗಂಡುಡುಗೆ ತೊಟ್ಟು ಕಾಮರ್ಸನನ ಸಹಾಯಕಳಾಗಿದ್ದಳು. ಭೂಮಿಯನ್ನು ಸುತ್ತಿಬಂದ ಮೊದಲ ಮಹಿಳೆಯೆಂದು ಅವಳು ಹೆಸರಾಗಿದ್ದಾಳೆ. ಇಷ್ಟು ದೂರದ್ದಾದರೂ ಈ ಗಿಡ ನಮಗೆ ತೀರ ಪರಕೀಯವಲ್ಲ. ನಮ್ಮ ಹಿತ್ತಿಲಿನ ಸಂಜೆಮಲ್ಲಿಗೆ ಇದರ ಕುಲಬಂಧು. ನಾವು ಹೂವೆಂದು ಮೆಚ್ಚುವ ಕಾಗದದಂಥ ಪತ್ರಗಳು ನಿಜವಾಗಿ ಬಣ್ಣವೇರಿದ ಎಲೆಗಳು. ಮೂರು ಮೂರಾಗಿ ಕೂಡಿದ ಆ ಎಲೆಗಳಿಗೆ ಒಂದೊಂದರಂತೆ ಅಂಟಿಕೊಂಡಿರುವ ಬೆಳ್ಳನೆಯ ಸಣ್ಣ ಕೊಳವೆಗಳೇ ಹೂಗಳು. ಸುಖ ಹೆಚ್ಚಾದಾಗ ಬಳ್ಳಿಯು ಹಸುರೆಲೆಯನ್ನೇ ಬೆಳೆಸುತ್ತ ಹೋಗುತ್ತದೆ. ಸ್ವಲ್ಪ ಇಕ್ಕಟ್ಟು ತಲೆದೋರಿದಾಗ ಹೂವಿನ ಕಡೆಗೆ ತಿರುಗುತ್ತದೆ. ಈ ಸ್ವಭಾವವನ್ನು ತಿಳಿದವರಿಗೆ ಉಳಿದುದೆಲ್ಲ ಸುಲಭ.

ಇನ್ನು ಚಳಿಯ ಮಾತು. ಶಾಖವು 10 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಕ್ಕಿಳಿದರೆ ಈ ಗಿಡದ ಬೆಳವಣಿಗೆ ನಿಲ್ಲುತ್ತದೆ; ಇಬ್ಬನಿ ಹೆಪ್ಪುಗಟ್ಟಿದರೆ ಎಳೆಯ ಕುಡಿಗಳು ಕರಿಯಾಗುತ್ತವೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಮೇಲಿದ್ದರೂ, ಜನವರಿಯ ರಾತ್ರಿಗಳಲ್ಲಿ ಸಾಮಾನ್ಯವಾಗಿ 15 ಅಥವಾ 16 ಡಿಗ್ರಿಯ ಶಾಖವಿರುತ್ತದೆ. ಇಲ್ಲಿ ದಾಖಲಾದ ಅತ್ಯಂತ ಕಡಮೆಯೆಂದರೆ 1884ರ ಜನವರಿ 13ರಂದು ಕಂಡ 7.8 ಡಿಗ್ರಿ. ಆದುದರಿಂದ ಚಳಿಯನ್ನು ಅಪರಾಧಿಯೆನ್ನುವುದು ಸಲ್ಲದು. ಅದು ಹೂವಿಗೆ ಸಹಾಯಕವೆಂದೇ ಹೇಳಬೇಕು. ಈ ಬಳ್ಳಿಗೆ ಹಗಲು ಕಿರಿದಾದರೆ ಹೂವಿನ ಪ್ರೇರಣೆ ಹೆಚ್ಚು. ಜೂನಿನಲ್ಲಿ 13 ಗಂಟೆಗೆ ಸಮೀಪವಾಗಿದ್ದ ನಮ್ಮ ಹಗಲು ಡಿಸೆಂಬರಿನಲ್ಲಿ ಹನ್ನೊಂದು ಕಾಲು ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ಮಳೆ ಹಿಂಗಿ, ಆಕಾಶ ತಿಳಿಯಾಗಿ, ಗಾಳಿ ಒಣಗುವುದೂ ಆಗಲೆ. ಅಂದಮೇಲೆ ನಮ್ಮ ಚಳಿಗಾಲವು ಈ ಗಿಡದ ಸುಗ್ಗಿಯ ಬಾಗಿಲು.

ಹಾಗಾದರೆ ಹೂವನ್ನು ತಡೆಯುವವರು ಯಾರು? ಮೊದಲನೆಯದು ನೆರಳು. ದಿನಕ್ಕೆ ಐದಾರು ಗಂಟೆಯಾದರೂ ನೇರವಾದ ಬಿಸಿಲು ಬೀಳದಿದ್ದರೆ ಈ ಬಳ್ಳಿ ಹೂವನ್ನು ನೆನೆಯುವುದಿಲ್ಲ. ಏಪ್ರಿಲಿನ ಕಡೆಯ ವಾರದಿಂದ ಆಗಸ್ಟಿನ ನಡುವಿನವರೆಗೆ ಮಾತ್ರ ಮಧ್ಯಾಹ್ನದ ಸೂರ್ಯನು ನಮ್ಮ ನೆತ್ತಿಗೆ ಉತ್ತರದಲ್ಲಿರುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣದಲ್ಲಿ. ಉತ್ತರದ ಬಾಲ್ಕನಿಗೆ ಬಿಸಿಲು ಬರುವ ಆ ಕೆಲವು ತಿಂಗಳುಗಳ ಬಹುಭಾಗವನ್ನು ಮುಂಗಾರಿನ ಮೋಡ ನುಂಗಿಬಿಡುತ್ತದೆ. ದಕ್ಷಿಣದ ಬಾಲ್ಕನಿಗಾದರೋ ಹೂವಿನ ಕಾಲದಲ್ಲಿಯೇ ಬಿಸಿಲು ಒಳಕ್ಕೆ ಓರೆಯಾಗಿ ಬೀಳುತ್ತದೆ. ಅಂಥ ಅನುಕೂಲವಿಲ್ಲದವರು ಕುಂಡವನ್ನು ಮಹಡಿಯ ತಾರಸಿಗೆ ಸಾಗಿಸುವುದೇ ಲೇಸು.

ಎರಡನೆಯದು ನೀರು. ಮನೆಯಲ್ಲಿ ಗಿಡದ ಮೇಲೆ ಮಮತೆಯುಳ್ಳವರು ಹೆಚ್ಚಾದಷ್ಟೂ ಕುಂಡಕ್ಕೆ ಬೀಳುವ ತಂಬಿಗೆಗಳು ಹೆಚ್ಚುತ್ತವೆ. ಬಳ್ಳಿ ಮೈದುಂಬಿ ಎಲೆ ಬಿಡುತ್ತದೆ, ಇಲ್ಲವೆ ಬೇರು ಕೊಳೆತು ಸೊರಗುತ್ತದೆ. ಮಣ್ಣಿನೊಳಗೆ ಬೆರಳನ್ನು ಒಂದು ಅಂಗುಲ ಇಳಿಸಿ ನೋಡಿ, ಅಲ್ಲಿ ತೇವವಿದ್ದರೆ ನೀರು ಬೇಡ. ಎಲೆಗಳು ತುಸು ಜೋಲತೊಡಗಿದಾಗ ತಳದ ರಂಧ್ರದಿಂದ ಹರಿಯುವಂತೆ ಒಮ್ಮೆ ತುಂಬ ಹಾಕಿ, ಮತ್ತೆ ಒಣಗುವವರೆಗೆ ಸುಮ್ಮನಿರಬೇಕು. ಕುಂಡದಡಿಯ ತಟ್ಟೆಯಲ್ಲಿ ನೀರು ನಿಲ್ಲಗೊಡಬಾರದು. ಇದು ಕೇವಲ ಅಂದಚಂದದ ಮಾತಲ್ಲ. 2024ರ ಬೇಸಗೆಯಲ್ಲಿ ನಮ್ಮ ನಗರದ ಅನೇಕ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ದಾರಿ ಕಾಯುವಂತಾದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಜಲಮಂಡಲಿಯು ಮಾರ್ಚಿಯಲ್ಲಿ ಆಜ್ಞೆ ಹೊರಡಿಸಿ, ಮೀರಿದವರಿಗೆ 5000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಅಂಥ ದಿನಗಳಲ್ಲಿ ಗಿಡವನ್ನು ಬಿಡಬೇಕೆ, ನೀರನ್ನು ಕದಿಯಬೇಕೆ ಎಂಬ ಧರ್ಮಸಂಕಟವನ್ನು ತರದ ಗಿಡಗಳು ಕೆಲವೇ, ಅವುಗಳಲ್ಲಿ ಇದೊಂದು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಇದಕ್ಕೆ ಸಾಕು. ಮನುಷ್ಯರು ಬಾಯಾರುವ ತಿಂಗಳುಗಳಲ್ಲಿಯೇ ಇದು ಅರಳಿ ನಿಲ್ಲುತ್ತದೆ.

ಇನ್ನು ಆರೈಕೆಯ ಕ್ರಮ. ಹತ್ತು ಹನ್ನೆರಡು ಅಂಗುಲ ಬಾಯಿಯ ಮಣ್ಣಿನ ಕುಂಡ ಸಾಕು. ಬೇರಿಗೆ ಕೊಂಚ ಇಕ್ಕಟ್ಟಾದರೆ ಹೂವಿಗೆ ಒಳ್ಳೆಯದೆ. ತಳದಲ್ಲಿ ಒಡೆದ ಹೆಂಚಿನ ಚೂರುಗಳನ್ನು ಹರಡಿ, ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ತುಂಬಬೇಕು. ಇದರ ಬೇರು ಬಲು ನವಿರು. ಕುಂಡ ಬದಲಿಸುವಾಗ ಮಣ್ಣಿನ ಹೆಂಟೆ ಒಡೆಯದಂತೆ ಎತ್ತುವುದು ಮುಖ್ಯ. ಯೂರಿಯದಂಥ ಗೊಬ್ಬರ ಎಲೆಯನ್ನೇ ಹೆಚ್ಚಿಸುವುದರಿಂದ ಅದನ್ನು ದೂರವಿಡುವುದು ಮೇಲು. ಹೂ ಬರುವುದು ಹೊಸ ಕುಡಿಗಳಲ್ಲಿ. ಆದಕಾರಣ ಬೇಸಗೆಯ ಹೂ ಮುಗಿದು ಮೊದಲ ಮಳೆ ಬಿದ್ದೊಡನೆ ಕವಲುಗಳನ್ನು ಮೂರರಲ್ಲೊಂದು ಪಾಲಿನಷ್ಟು ಕತ್ತರಿಸಿ, ಒಂದೆರಡು ಹಿಡಿ ಗೊಬ್ಬರ ಕೊಡಬೇಕು. ಮುಳ್ಳುಗಳಿಂದ ಕೈಯನ್ನು ಕಾಯ್ದುಕೊಳ್ಳಲು ದಪ್ಪ ಬಟ್ಟೆ ಇರಲಿ. ಚಿಗುರಿದ ಕುಡಿಗಳ ತುದಿಯನ್ನು ಸೆಪ್ಟೆಂಬರಿನವರೆಗೆ ಆಗಾಗ ಚಿವುಟಿದರೆ ಕವಲು ಹೆಚ್ಚುತ್ತದೆ. ಆ ಮೇಲೆ ಚಿವುಟಬಾರದು. ಕತ್ತರಿಸಿದ ಕಡ್ಡಿಗಳಲ್ಲಿ ಸೀಸದ ಕಡ್ಡಿಯಷ್ಟು ದಪ್ಪವಾದವನ್ನು ಮರಳುಮಣ್ಣಿನಲ್ಲಿ ನೆಟ್ಟರೆ, ಮಳೆಗಾಲದಲ್ಲಿ ಬೇರು ಹಿಡಿದು ನೆರೆಮನೆಗೆ ಉಡುಗೊರೆಯಾದಾವು.

ಕಡೆಗೆ, ನಿಜವಾಗಿ ಚಳಿಯ ನಾಡುಗಳಲ್ಲಿರುವವರಿಗೆ ಒಂದು ಮಾತು. ಉದಕಮಂಡಲದಂಥ ಎತ್ತರದ ಊರಿನಲ್ಲಿ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಕುಂಡವನ್ನು ಸೂರಿನಡಿಗೆ ಸರಿಸಬೇಕು. ಕುಂಡದ ಗಿಡಕ್ಕಿರುವ ಭಾಗ್ಯವೇ ಅದು. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರು ಅಕ್ಟೋಬರಿನಲ್ಲಿ ಗಿಡವನ್ನು ಒಳಕ್ಕೆ ತಂದು, ಬೆಳಕಿರುವ ಕಿಟಕಿಯ ಬಳಿ ಇಟ್ಟು, ಮಣ್ಣು ಪೂರ್ತಿ ಒಣಗದಷ್ಟು ಮಾತ್ರ ನೀರು ಕೊಡಬೇಕು. ಎಲೆಗಳೆಲ್ಲ ಉದುರಿದರೂ ಗಿಡ ಸತ್ತಿತೆಂದು ಎಸೆಯಬಾರದು. ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ, ಒಳಗೆ ಹಸುರಿದ್ದರೆ ಅದು ನಿದ್ರಿಸುತ್ತಿದೆಯೆಂದು ತಿಳಿದು, ವಸಂತದವರೆಗೆ ಕಾಯುವುದು.

ಬಾಣಸವಾಡಿಯಲ್ಲಿರುವವರಿಗೆ ಅಷ್ಟು ದೀರ್ಘವಾದ ತಾಳ್ಮೆಯೇನೂ ಬೇಕಿಲ್ಲ. ಕುಂಡವನ್ನು ಬಿಸಿಲಿಗೆ ಸರಿಸಿ, ಅಡಿಯ ತಟ್ಟೆಯನ್ನು ತೆಗೆದಿಟ್ಟು, ನಾಳೆಯ ತಂಬಿಗೆ ನೀರನ್ನು ನಾಡಿದ್ದಿಗೆ ಮುಂದೂಡಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧವನ್ನು ಗಿಡವೇ ನೋಡಿಕೊಳ್ಳುತ್ತದೆ.