ನಿಮ್ಮ ಓಟು ಯಾವ ಊರಲ್ಲಿದೆ?

ನಾಚಾರಂನಲ್ಲಿರೋ ನಮ್ಮ ಕನ್ನಡದ ಹೆಣ್ಣುಮಕ್ಕಳಿಗೆ ಒಂದು ಪ್ರಶ್ನೆ. ನಿಮ್ಮ ಓಟು ಈಗ ಎಲ್ಲಿದೆ? ತವರೂರಲ್ಲಾ, ಗಂಡನ ಊರಲ್ಲಾ, ಇಲ್ಲಾ?

ಈ ಓಟಿಗಾಗಿ ಬೀದಿಗಿಳಿದವರಿದ್ದಾರೆ. ಮಹಾರಾಜ ರಣಜಿತ್ ಸಿಂಗರ ಮೊಮ್ಮಗಳು ಸೋಫಿಯಾ ದುಲೀಪ್ ಸಿಂಗ್ 1913ರಲ್ಲಿ ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆ ಎದುರು ನಿಂತು ಈ ಹೋರಾಟದ ಪತ್ರಿಕೆ ಮಾರಿದರು. ಇದೇ ಹೈದರಾಬಾದಿನ ಸರೋಜಿನಿ ನಾಯ್ಡು 1917ರಲ್ಲಿ ಮದ್ರಾಸಿನಲ್ಲಿ ಮಹಿಳೆಯರ ನಿಯೋಗದ ಮುಂದಾಳಾಗಿ ಬ್ರಿಟಿಷ್ ಮಂತ್ರಿ ಮಾಂಟೆಗು ಅವರನ್ನು ಕಂಡು ಮತದ ಹಕ್ಕು ಕೇಳಿದರು. 1921ರಲ್ಲಿ ಮದ್ರಾಸ್ ಪ್ರಾಂತ್ಯ ಕೊಟ್ಟಿತು, ಅದೂ ಆಸ್ತಿ ಇದ್ದವರಿಗೆ. ಆಗ ಅದೇ ಪ್ರಾಂತ್ಯದಲ್ಲಿದ್ದ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಶಾಸನ ಸಭೆಗೆ ನಿಂತು, ಸ್ವಲ್ಪದರಲ್ಲೇ ಸೋತರು.

ಆದ್ರೆ ಹಕ್ಕು ಸಿಕ್ಕರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಸ್ವತಂತ್ರ ಭಾರತದ ಮೊದಲ ಚುನಾವಣೆಗೆ ಪಟ್ಟಿ ಮಾಡುವಾಗ ಎಷ್ಟೋ ಹೆಂಗಸರು 'ಇಂಥವರ ಹೆಂಡತಿ', 'ಇಂಥವರ ತಾಯಿ' ಅಂತಷ್ಟೇ ಬರೆಸಿದರು. ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದಲೇ ಹೊರಗುಳಿದರು.

ಇವತ್ತು ನಮ್ಮ ಹೆಸರು ನಾವೇ ಹೇಳ್ತೀವಿ. ಆದ್ರೆ ಮದುವೆ, ಕೆಲಸ, ಬಾಡಿಗೆ ಮನೆ ಅಂತ ಊರು ಬದಲಾದ ಹಾಗೆ ಅದು ಹಿಂದೆಯೇ ಉಳಿದುಬಿಡುತ್ತೆ. ಬ್ಯಾಂಕಿನ ವಿಳಾಸ ತಕ್ಷಣ ಬದಲಾಯಿಸ್ತೀವಿ, ಓಟಿನದು ಮಾತ್ರ 'ಆಮೇಲೆ ನೋಡೋಣ'.

ನಾಚಾರಂ ಇರೋದು ಉಪ್ಪಲ್ ವಿಧಾನಸಭಾ ಕ್ಷೇತ್ರದಲ್ಲಿ. ಹಳೇ ಊರಿನ ಪಟ್ಟಿಯಲ್ಲಿ ಹೆಸರಿದ್ದರೆ ಫಾರ್ಮ್ 8, ಎಲ್ಲೂ ಇಲ್ಲದಿದ್ರೆ ಫಾರ್ಮ್ 6. ಎರಡನ್ನೂ ಆನ್‌ಲೈನಲ್ಲೇ ತುಂಬಬಹುದು. ಇವತ್ತು ರಾತ್ರಿ ಊಟ ಆದ್ಮೇಲೆ ಫೋನ್ ಹಿಡಿದು ಮೊದಲು ನಿಮ್ಮ ಹೆಸರು ಹುಡುಕಿ. ಆಮೇಲೆ ಅಮ್ಮಂದು, ಅತ್ತೆಯವರದ್ದೂ ನೋಡಿ.